ನಲವತ್ತೊಂದನೇ ಪುಟದ ಹಳ್ಳ

"ಮೇಡಂ, ಇದು ನಮ್ಮ ಹಳ್ಳ ಅಲ್ಲ. ಯಾರೂ ನಂಬ್ತಾ ಇಲ್ಲ. ನೀವಾದ್ರೂ ನೋಡಿ."

ಸಂಸೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಅಂಜನಮ್ಮ ಅಚ್ಚಾದ ಹಾಳೆಯೊಂದನ್ನು ಮಹಮೂದಾ ಅವರ ಮುಂದಿಟ್ಟಳು. ಮಹಮೂದಾ ಕಳಸದಲ್ಲಿ ನೆಲೆಸಿದ್ದ ನಿವೃತ್ತ ಸರ್ವೆಯರ್. ಗಡಿ ಜಗಳವಿರಲಿ, ಕಳ್ಳತನವಿರಲಿ, ಸುತ್ತಲಿನವರು ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಇಪ್ಪತ್ತು ವರ್ಷ ಅವರ ಹಿಂದೆ ಅಳತೆಯ ಚೈನು ಎಳೆದಿದ್ದ ತಮ್ಮಯ್ಯ, ಚೈನು ಬಿಟ್ಟರೂ ಅವರನ್ನು ಬಿಟ್ಟಿರಲಿಲ್ಲ.

ತಮ್ಮಯ್ಯ ಇಣುಕಿ ನೋಡಿದ. ನಲವತ್ತೊಂದನೇ ಪುಟ. ಮೇಲೆ ಅಂಜನಮ್ಮನ ಹೆಸರು, ಕೆಳಗೆ ಹಳ್ಳದ ಚಿತ್ರ. ನೀರಿನ ತುಂಬ ಕಳೆಔಷಧಿಯ ಖಾಲಿ ಡಬ್ಬಗಳು.

ಹಾಳೆ ಕಾಫಿ ಬೆಳೆಗಾರರ ಸಂಘದ ಪುಸ್ತಕದ್ದು, ಒಬ್ಬೊಬ್ಬ ಸದಸ್ಯರ ತೋಟಕ್ಕೂ ಅದರಲ್ಲಿ ಒಂದೊಂದು ಅಧ್ಯಾಯ. ಪುಸ್ತಕ ಅಂದು ಸಂಜೆ ನಾಲ್ಕಕ್ಕೆ ವಿದೇಶದ ಖರೀದಿದಾರರಿಗೆ ಹೋಗಬೇಕಿತ್ತು. ಹಳ್ಳ ಕೆಡಿಸಿದವರ ಹೆಸರನ್ನು ಮೂರು ಗಂಟೆಯ ಸಭೆಯಲ್ಲಿ ತೆಗೆದುಹಾಕುತ್ತಾರಂತೆ.

"ಮೊನ್ನೆ ನಮ್ಮನೆಯಿಂದ ಕೆಳಗೆ, ಸೇತುವೆ ಹತ್ರ ನೀರು ಪರೀಕ್ಷೆ ಮಾಡಿದ್ರು. ಔಷಧಿ ಇದೆ ಅಂತ ಬಂತು. ಈಗ ಈ ಫೋಟೋ. ಎಲ್ರೂ ನಾನೇ ಅಂತಿದ್ದಾರೆ."

"ನಿಮ್ಮ ತೋಟದಿಂದ ಮೇಲೆ ಯಾರದ್ದು?" ಮಹಮೂದಾ ಕೇಳಿದರು.

"ಸಂಘದ ಕಾರ್ಯದರ್ಶಿ ವಿಶ್ವನಾಥಣ್ಣನ ಎಸ್ಟೇಟು."

ಮಹಮೂದಾ ಭೂತಗನ್ನಡಿ ಹಿಡಿದು ಚಿತ್ರದ ಅಂಚನ್ನು ನೋಡಿದರು. ಕಾಫಿಗೆ ನೆರಳಾಗಿ ಬೆಳೆಸುವ ಸಿಲ್ವರ್ ಮರವೊಂದರ ಬೊಡ್ಡೆಯ ಮೇಲೆ ಕೆಂಪು ಬಣ್ಣದಲ್ಲಿ ೨೧೨ ಎಂದಿತ್ತು. "ನೀವು ಮರಗಳಿಗೆ ನಂಬರ್ ಹಾಕ್ಸಿದ್ದೀರಾ?"

"ಮೂರು ಎಕರೆಗೆ ನಂಬರ್ ಯಾಕೆ ಮೇಡಂ? ಒಂದೊಂದು ಮರನೂ ಗೊತ್ತು ನಂಗೆ."

ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದ ರಶ್ಮಿ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ಅಂಜನಮ್ಮನ ಅಧ್ಯಾಯವೊಂದನ್ನೇ ತೆರೆದರೆ ತಿಳಿನೀರಿನ ಹಳ್ಳ. ಎಲ್ಲ ಅಧ್ಯಾಯ ಸೇರಿಸಿ ಪಿಡಿಎಫ್ ಮಾಡಿದರೆ ಡಬ್ಬ ತುಂಬಿದ ಹಳ್ಳ. ತಮ್ಮಯ್ಯನಿಗೆ ಇದು ಮಾಟವೆಂದೇ ಅನಿಸಿತು.

"ಫೋಟೋ ಎಲ್ಲಿದೆ ಅಂತ ಅಧ್ಯಾಯದಲ್ಲಿ ಬರ್ದಿರ್ತೀಯಲ್ಲ, ಹೇಗೆ?" ಮಹಮೂದಾ ಕೇಳಿದರು.

"'ಇಲ್ಲೇ ಇರೋ ಚಿತ್ರ ಫೋಲ್ಡರ್, ಅದರಲ್ಲಿ ಹಳ್ಳ' ಅಂತ ಅಷ್ಟೇ ಇದೆ ಮೇಡಂ. ಬೇರೆಯವರದ್ದಕ್ಕೆಲ್ಲ ಅವರವರ ಫೋಲ್ಡರ್ ಹೆಸರು ಸೇರಿಸಿದ್ದೆ. ಇವ್ರದ್ದು ತಡವಾಗಿ ಬಂತು, ಮರ್ತೆ. ಸೋಮವಾರ ಮೊದಲ ಪ್ರಿಂಟ್ ತೆಗ್ದೆ. ವಿಶ್ವನಾಥ್ ಸರ್ ಮನೆಗೆ ಒಯ್ದು ತಿದ್ದಿ ಕೊಟ್ರು. ಅವ್ರು ಗೀಟು ಹಾಕಿದ್ದನ್ನ ಮಾತ್ರ ಸರಿ ಮಾಡ್ದೆ."

ಮಹಮೂದಾ ಪರದೆಯ ಮೇಲೆ ಫೋಲ್ಡರುಗಳ ತಾರೀಖು ನೋಡಿದರು. "ಮಂಗಳವಾರ ಬಂದಿದ್ಯಾ?"

"ಇಲ್ಲ, ಮೂಡಿಗೆರೇಲಿ ಮದುವೆ ಇತ್ತು."

ಮಹಮೂದಾ ಆ ಮೊದಲ ಪ್ರಿಂಟನ್ನು ತಿರುವಿದರು. ಪುಟಪುಟಕ್ಕೂ ಕೆಂಪು ಗೀಟು. ನಲವತ್ತೊಂದರಲ್ಲಿ ಚಿತ್ರದ ಜಾಗದಲ್ಲಿ ಬರಿಯ ಚೌಕ, ಅಲ್ಲಿ ಗೀಟಿರಲಿಲ್ಲ. ಅವರು ಅದನ್ನು ಕಂಕುಳಲ್ಲಿಟ್ಟುಕೊಂಡರು. ತಮ್ಮಯ್ಯನಿಗೆ ಏನೂ ಹೊಳೆಯಲಿಲ್ಲ, ಗಡಿಯಾರ ಮಾತ್ರ ಓಡುತ್ತಿತ್ತು.

ಮೂರು ಗಂಟೆಗೆ ಸಭೆ ಸೇರಿತು. ಅಧ್ಯಕ್ಷ ರೇವಣ್ಣ ಪೆನ್ನು ತೆರೆದೇ ಕೂತಿದ್ದರು. ಅಂಜನಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು.

"ತಮ್ಮಯ್ಯ," ಎಂದರು ಮಹಮೂದಾ, "'ಇಲ್ಲಿಂದ ಹತ್ತು ಚೈನು' ಅಂದ್ರೆ ಎಲ್ಲಿಗೆ ಹೋಗ್ತಿ?"

"ಎಲ್ಲಿಂದ ಅಂತ ಹೇಳ್ಬೇಕಲ್ಲ ಮೇಡಂ! ಶುರುವಿನ ಕಲ್ಲು ತಪ್ಪಿದ್ರೆ ಇನ್ನೊಬ್ರ ತೋಟಕ್ಕೇ ನುಗ್ತೀವಿ."

"ಇಲ್ಲೂ ಅಷ್ಟೇ. ಅಧ್ಯಾಯ ಒಂದನ್ನೇ ತೆರೆದಾಗ 'ಇಲ್ಲಿ' ಅಂದ್ರೆ ಅಂಜನಮ್ಮನ ಫೋಲ್ಡರ್. ಪುಸ್ತಕ ಸೇರಿಸೋವಾಗ 'ಇಲ್ಲಿ' ಅಂದ್ರೆ ಪುಸ್ತಕದ ದೊಡ್ಡ ಫೋಲ್ಡರ್. ಕಂಪ್ಯೂಟರ್ ಅಲ್ಲಿ ಹುಡುಕ್ತದೆ."

"ಅಂದ್ರೆ ರಶ್ಮಿ ಮರೆವು, ಅಷ್ಟೇ ತಾನೆ?" ಎಂದರು ರೇವಣ್ಣ.

"ಬರೀ ಮರೆವಾಗಿದ್ರೆ ಚಿತ್ರ ಸಿಗದೆ ಚೌಕ ಖಾಲಿ ಇರ್ತಿತ್ತು. ಸೋಮವಾರ ಹಾಗೇ ಇತ್ತು, ನೋಡಿ. ಮಂಗಳವಾರ ಯಾರೋ ದೊಡ್ಡ ಫೋಲ್ಡರಿನೊಳಗೆ ಚಿತ್ರ ಅಂತ ಹೊಸ ಫೋಲ್ಡರ್ ಮಾಡಿ, ಹಳ್ಳ ಅಂತ ಹೆಸರು ಕೊಟ್ಟು ಈ ಫೋಟೋ ಇಟ್ಟಿದ್ದಾರೆ. ಅದರಲ್ಲಿರೋದು ಅದೊಂದೇ."

ವಿಶ್ವನಾಥ್ ನಕ್ಕರು. "ಕಂಪ್ಯೂಟರ್ ರಶ್ಮಿದು. ಅವಳನ್ನೇ ಕೇಳಿ."

"ಮಂಗಳವಾರ ಅವಳು ಮದುವೇಲಿದ್ಲು. ಕಚೇರಿಯ ಇನ್ನೊಂದು ಕೀ ನಿಮ್ಮ ಹತ್ರ. ಬಿಟ್ಟುಹೋದ ಸೊನ್ನೆಗೂ ಗೀಟು ಹಾಕಿದ ನೀವು ಅಂಗೈಯಗಲದ ಖಾಲಿ ಚೌಕಕ್ಕೆ ಯಾಕೆ ಹಾಕ್ಲಿಲ್ಲ? ಹಾಕಿದ್ರೆ ರಶ್ಮಿ ಸರಿಮಾಡಿಬಿಡ್ತಿದ್ಲು. ಪರೀಕ್ಷೆಯ ಅಪವಾದ ಹೊರೋಕೆ ನಿಮಗೊಂದು ಹೆಗಲು ಬೇಕಿತ್ತು." ಅವರು ಪುಸ್ತಕದ ಒಂಬತ್ತನೇ ಪುಟ ತೆರೆದರು. "ಫೋಟೋದ ಅಂಚಲ್ಲಿರೋ ಮರ ೨೧೨. ನಿಮ್ಮದೇ ಅಧ್ಯಾಯದ ಮರಗಳ ಪಟ್ಟಿ ಓದ್ತೀನಿ. ೨೧೨, ಸಿಲ್ವರ್, ಹಳ್ಳದ ದಂಡೆ."

ವಿಶ್ವನಾಥರ ನಗು ಇಂಗಿಹೋಯಿತು. ತಮ್ಮಯ್ಯನಿಗೆ ತಡೆಯಲಾಗಲಿಲ್ಲ. "ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸ್ತಲ್ಲ ಮಾರಾಯ್ರೇ!"

ರೇವಣ್ಣ ಪೆನ್ನು ಮುಚ್ಚಿದರು. "ಅಂಜನಮ್ಮ, ನಿಮ್ಮ ಹೆಸರು ಇರ್ತದೆ. ರಶ್ಮಿ, ಅದನ್ನ ಸರಿಮಾಡಿ ಕಳ್ಸು. ವಿಶ್ವನಾಥರ ಅಧ್ಯಾಯ ತೆಗಿ."

ತಮ್ಮಯ್ಯ ಹಿಗ್ಗಿನಿಂದ ಅಂಜನಮ್ಮನತ್ತ ತಿರುಗಿದ. ಅವಳ ಮುಖದಲ್ಲಿ ಗೆಲುವಿರಲಿಲ್ಲ. ಅವಳು ಡಬ್ಬಗಳ ಚಿತ್ರವನ್ನೇ ನೋಡುತ್ತಿದ್ದಳು.

"ಈ ಮರ ನಮ್ಮನೆಯಿಂದ ಮೇಲಲ್ವಾ ಮೇಡಂ?"

"ಹೌದು."

"ಸೇತುವೆ ಹತ್ರ ಔಷಧಿ ಇದೆ ಅಂದಾಗ, ನಮ್ಮನೆಯಿಂದ ಕೆಳಗೆ ತಾನೆ ಅಂತ ಸುಮ್ನಿದ್ದೆ." ಅವಳು ವಿಶ್ವನಾಥರತ್ತ ತಿರುಗಿದಳು. "ಮಕ್ಕಳಿಗೆ ಕುಡ್ಸೋದು ಇದೇ ನೀರು, ವಿಶ್ವನಾಥಣ್ಣ. ಎಷ್ಟು ದಿನದಿಂದ ಹಾಕ್ತಿದ್ದೀರಿ?"

ವಿಶ್ವನಾಥ್ ಎದುರಿದ್ದ ಕಾಗದಗಳನ್ನು ಜೋಡಿಸತೊಡಗಿದರು.

"ಹೇಳಿ, ಎಷ್ಟು ದಿನದಿಂದ?"