ಲಿಫ್ಟಿನ ಗುಂಡಿಯಲ್ಲಿ ಸಿಗ್ನಲ್ ಇಲ್ಲ

"ಜಾಗ ಸಾಲದು" ಎಂದು ಅಮ್ಮನ ಮೊಬೈಲು ಮೂರನೇ ಸಲ ಹಟ ಹಿಡಿಯಿತು.

ಬುಗುರಿಗೆ ಸಿಟ್ಟು ಬಂತು. ಭಾನುವಾರ ದೊಡ್ಡಮ್ಮನ ಊರಿಗೆ ಹೋಗಬೇಕು. ಬಸ್ಸಿನಲ್ಲಿ ಆರು ಗಂಟೆಯ ದಾರಿ, ದಾರಿಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಪತ್ತೇದಾರಿ ಬೆಕ್ಕಿನ ಕಾರ್ಟೂನನ್ನು ಮನೆಯಲ್ಲೇ ಸೇವ್ ಮಾಡಿಟ್ಟುಕೊಳ್ಳಲು ಕೂತಿದ್ದಳು. ಎರಡು ಎಪಿಸೋಡ್ ಬಂದು ಕೂತಿದ್ದವು. ಮೂರನೆಯದು ಅರ್ಧಕ್ಕೆ ನಿಂತಿತ್ತು. ಕಳ್ಳ ಯಾರೆಂದು ಗೊತ್ತಾಗುವುದೇ ಮೂರನೆಯದರಲ್ಲಿ!

ಒಂದು ಕಡೆ ನಿಲ್ಲದೆ ಸುತ್ತುತ್ತಲೇ ಇರುತ್ತಾಳೆಂದು ಮನೆಯವರೆಲ್ಲ ಅವಳನ್ನು ಬುಗುರಿ ಎನ್ನುತ್ತಿದ್ದರು. ಶಾಲೆಯ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ.

ಅವಳು ಸೇವ್ ಆಗಿದ್ದ ವಿಡಿಯೋಗಳ ಪಟ್ಟಿ ತೆರೆದಳು. ಮೇಲೆಯೇ ಐದು ವಿಡಿಯೋ ಇದ್ದವು. ಐದರಲ್ಲೂ ಅದೇ ಚಿತ್ರ: ಕೈಗವಸು ಹಾಕಿದ ಎರಡು ಕೈ, ಒಂದು ಸ್ಪ್ಯಾನರ್, ಒಂದು ಬೋಲ್ಟು. ಅಮ್ಮ ಲಿಫ್ಟ್ ಮೆಕ್ಯಾನಿಕ್. ಇವೆಲ್ಲ ಅವಳ ಕೆಲಸದ ವಿಡಿಯೋಗಳು. ಪ್ರತಿಯೊಂದರ ಕೆಳಗೂ ಕೆಂಪು ಗೆರೆ ಈ ತುದಿಯಿಂದ ಆ ತುದಿಯವರೆಗೆ ಎಳೆದುಕೊಂಡಿತ್ತು. ಅಂದರೆ ಅಮ್ಮ ಅವನ್ನು ಪೂರ್ತಿ ನೋಡಿಯಾಗಿದೆ.

"ನೋಡಿ ಮುಗಿಸಿದ್ದನ್ನ ಇಟ್ಕೊಂಡು ಏನು ಮಾಡ್ತಾಳೆ?" ಎಂದುಕೊಂಡು ಬುಗುರಿ ಐದನ್ನೂ ಅಳಿಸಿದಳು. ಬೆಕ್ಕಿನ ಮೂರನೇ ಎಪಿಸೋಡ್ ಸರಸರ ಒಳಗೆ ಬಂತು.

ಅಡುಗೆಮನೆಯಿಂದ ಅಮ್ಮ ಕೂಗಿದಳು. "ಬುಗುರಿ, ಮೊಬೈಲ್ ಇಟ್ಟು ಚಾರ್ಜಿಗೆ ಹಾಕೇ."

"ಹಾಕ್ದೆ!" ಎಂದಳು ಬುಗುರಿ, ಖುಷಿಯಿಂದ.

ಮರುದಿನ ಶನಿವಾರ. ಅಪ್ಪ ಆಗಲೇ ಡ್ಯೂಟಿಗೆ ಹೋಗಿದ್ದ. ಅಮ್ಮ ಬಾಗಿಲ ಹತ್ತಿರ ಕೂತು ದಪ್ಪ ಬೂಟಿನ ಲೇಸು ಕಟ್ಟುತ್ತಿದ್ದಳು.

"ಸ್ಕೂಲ್ ಬಿಟ್ಟ ಮೇಲೆ ಸೀದಾ ಮನೆಗೆ ಹೋಗು. ಕೀ ನಿನ್ನ ಹತ್ರಾನೇ ಇದೆಯಲ್ಲ? ನಂಗೆ ಇವತ್ತು ಅಂಚೆ ಕಚೇರಿ ಹಿಂದಿನ ಬಿಲ್ಡಿಂಗಲ್ಲಿ ಕೆಲಸ. ಹೊಸ ಮಾಡೆಲ್ ಲಿಫ್ಟು, ಅದರ ಬುಡದಲ್ಲಿರೋ ಆಳದ ಗುಂಡೀಲಿ ರಿಪೇರಿ."

"ಕಷ್ಟಾನಾ?"

"ಕಷ್ಟ ಏನಿಲ್ಲ. ಹಗ್ಗ ಬಿಗಿಯಾಗಿರ್ಲಿ ಅಂತ ಅದರ ಬುಡಕ್ಕೆ ಒಂದು ಭಾರ ನೇತುಹಾಕಿರ್ತಾರೆ. ನಿನಗಿಂತ ತೂಕ. ಅದನ್ನ ಬಿಚ್ಚೋಕೆ ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಅಂತ ಲೆಕ್ಕ ಇದೆ. ಹಿಂದೆಮುಂದೆ ಆದ್ರೆ ಕೈ ಅಪ್ಪಚ್ಚಿ." ಅಮ್ಮ ಅಂಗೈ ಮೇಲೆ ಅಂಗೈ ತಟ್ಟಿ ತೋರಿಸಿ ನಕ್ಕಳು.

"ನಿಂಗೆ ಅದೆಲ್ಲ ನೆನಪಿರುತ್ತಾ?"

"ನೆನಪು ಯಾಕೆ ಬೇಕು? ವಿಡಿಯೋ ಇದೆಯಲ್ಲ! ಗುಂಡಿಯೊಳಗೆ ಸಿಗ್ನಲ್ ಬರಲ್ಲ ಅಂತ ಮೊನ್ನೇನೇ ಸೇವ್ ಮಾಡಿಟ್ಟಿದ್ದೀನಿ. ಮೊಬೈಲ್ ಎದುರಿಗೆ ನೇತುಹಾಕ್ಕೊಂಡು, ನೋಡ್ತಾ ನೋಡ್ತಾ ಮಾಡೋದು."

ಕೈಗವಸು ಹಾಕಿದ ಆ ಎರಡು ಕೈಗಳು ಬುಗುರಿಯ ಕಣ್ಣಮುಂದೆ ಬಂದವು.

ಹೇಳಬೇಕೆಂದು ಬಾಯಿ ತೆರೆದಳು. ಆದರೆ ಹೇಳಿದರೆ ಅಮ್ಮ ಬೈಯುತ್ತಾಳೆ. ಮೊಬೈಲ್ ಇನ್ನೊಂದು ತಿಂಗಳು ಕೈಗೆ ಸಿಗುವುದಿಲ್ಲ. ಕಾರ್ಟೂನ್ ಹೋಗುತ್ತದೆ. ಹೀಗೆಲ್ಲ ಒಂದೇ ಕ್ಷಣದಲ್ಲಿ ಯೋಚಿಸಿದ ಬುಗುರಿಯ ಬಾಯಿಂದ ಕೊನೆಗೆ ಬಂದ ಮಾತು ಒಂದೇ: "ಟಾಟಾ."

ಅಮ್ಮ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಆಮೇಲೆ ಹೊರಗಿನಿಂದ ಟಕ್ ಟಕ್ ಎಂದು ಎರಡು ಸಲ ತಟ್ಟಿದಳು.

ಅದು ಅವರ ಮನೆಯ ರೂಢಿ. ಲಿಫ್ಟಿನ ದಾರಿಯೊಳಗೆ ನಿಂತು ಕೂಗಿದರೆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ಅಮ್ಮನೂ ಅವಳ ಜೊತೆಯವರೂ ಕಬ್ಬಿಣದ ಮೇಲೆ ತಟ್ಟಿ ಮಾತಾಡುತ್ತಾರೆ. ಒಂದು ಸಲ ತಟ್ಟಿದರೆ 'ಇಲ್ಲಿದ್ದೀನಿ'. ಎರಡು ಸಲ ತಟ್ಟಿದರೆ 'ಎಲ್ಲ ಸರಿ'. ಮೂರು ಸಲ ತಟ್ಟಿದರೆ 'ನಿಲ್ಲಿಸು'. ಅಮ್ಮ ಅದನ್ನು ಮನೆಗೂ ತಂದಿದ್ದಳು. ಬಚ್ಚಲುಮನೆಯಲ್ಲಿ ಅಪ್ಪ ಹಾಡುವಾಗ ಬುಗುರಿ ಮೂರು ಸಲ ತಟ್ಟುವುದಿತ್ತು.

ಈಗ ಒಳಗಿನಿಂದ ಉತ್ತರ ಕೊಡಬೇಕು. ಬುಗುರಿ ಬಾಗಿಲ ಮೇಲೆ ತಟ್ಟಿದಳು. ಒಂದು. ಎರಡು. ಮೂರನೆಯದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು.

ಅಮ್ಮನ ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು.

ಶಾಲೆಯಲ್ಲಿ ಮೊದಲ ಪೀರಿಯಡ್ ಗಣಿತ. ಬೋರ್ಡಿನ ಮೇಲೆ ಏನಿತ್ತೋ ಬುಗುರಿಗೆ ಗೊತ್ತಾಗಲಿಲ್ಲ. ಅಮ್ಮನಿಗೆ ನೆನಪಿರುತ್ತದೆ, ಪೂರ್ತಿ ನೋಡಿದ್ದಾಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮರುಕ್ಷಣವೇ 'ನೆನಪು ಯಾಕೆ ಬೇಕು' ಎಂದು ಅಮ್ಮ ನಕ್ಕಿದ್ದು ನೆನಪಾಗುತ್ತಿತ್ತು. ಪಕ್ಕದ ಹುಡುಗಿ ಎರಡು ಅಂಗೈ ಸೇರಿಸಿ ಸೊಳ್ಳೆ ಹೊಡೆದಳು. ಆ ಸದ್ದಿಗೆ ಬುಗುರಿ ಬೆಂಚಿನಿಂದ ಅರ್ಧ ಎದ್ದಳು.

"ಏನಾಯ್ತೇ?"

"ಏನಿಲ್ಲ."

ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ತಡೆಯಲಾಗಲಿಲ್ಲ. ಮಿಸ್ ಹತ್ತಿರ ಹೋಗಿ, "ಮಿಸ್, ಹೊಟ್ಟೆನೋವು. ಅಮ್ಮನಿಗೆ ಫೋನ್ ಮಾಡ್ತೀರಾ?" ಎಂದಳು. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಮಿಸ್ ಫೋನ್ ಮಾಡಿದರು. ಸ್ಪೀಕರಿನಿಂದ ಒಬ್ಬ ಹೆಂಗಸಿನ ದನಿ ಬಂತು: "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ."

ಅಂದರೆ ಅಮ್ಮ ಆಗಲೇ ಗುಂಡಿಗೆ ಇಳಿದಿದ್ದಾಳೆ.

"ಮುಖ ಎಲ್ಲ ಬಿಳುಚಿಕೊಂಡಿದೆಯಲ್ಲೇ," ಎಂದರು ಮಿಸ್. "ಇನ್ನೊಂದು ಗಂಟೆ ಅಷ್ಟೆ, ಮಲಗಿರು."

ಬುಗುರಿ ಹಿಂದಿನ ಬೆಂಚಿನ ಮೇಲೆ ಮಲಗಿದಳು. ಗೋಡೆ ಗಡಿಯಾರದ ದೊಡ್ಡ ಮುಳ್ಳು ಅಲ್ಲಾಡುವುದನ್ನೇ ಮರೆತಿತ್ತು. ಕಣ್ಣು ಮುಚ್ಚಿದರೆ ಭಾರ ಕಾಣುತ್ತಿತ್ತು, ತೆರೆದರೆ ಗಡಿಯಾರ. 'ಈಗ ಹೇಳಿಬಿಡಲಾ' ಎಂದು ನಾಲ್ಕು ಸಲ ಎದ್ದು ಕೂತಳು. ಮಿಸ್ ತಿರುಗಿ ನೋಡಿದಾಗಲೆಲ್ಲ ಮತ್ತೆ ಮಲಗಿದಳು.

ಬೆಲ್ ಹೊಡೆದದ್ದೇ ತಡ, ಬುಗುರಿ ಓಡಿದಳು. ಬ್ಯಾಗಿನೊಳಗೆ ಜಾಮಿಟ್ರಿ ಬಾಕ್ಸ್ ಗಲಗಲ ಎನ್ನುತ್ತಿತ್ತು. ಸೈಕಲ್ ಶಾಪ್ ದಾಟಿ, ಅಂಚೆ ಕಚೇರಿಯ ಪಕ್ಕದ ಓಣಿ ಹಿಡಿದು, ಏದುಸಿರು ಬಿಡುತ್ತ ಆ ಬಿಲ್ಡಿಂಗ್ ಮುಂದೆ ನಿಂತಳು. ಆಂಬುಲೆನ್ಸ್ ಇದೆಯೇ ಎಂದು ಮೊದಲು ನೋಡಿದಳು. ಇರಲಿಲ್ಲ. ಬಂದು ಹೋಗಿದ್ದರೆ?

"ಯಾರಮ್ಮಾ ನೀನು? ಯಾರು ಬೇಕು?" ಗೇಟಿನ ವಾಚ್‌ಮನ್ ತಾತ ಕುರ್ಚಿಯಿಂದ ಎದ್ದ.

"ಲಿಫ್ಟ್... ನಮ್ಮಮ್ಮ... ಲಿಫ್ಟ್!"

"ಓ, ಮೆಕ್ಯಾನಿಕ್ ಮಗಳಾ? ಅಲ್ಲೇ ಇದ್ದಾರೆ ಹೋಗು. ಬೆಳಗ್ಗೆಯಿಂದ ಮೇಲಕ್ಕೇ ಬಂದಿಲ್ಲ."

ಬುಗುರಿ ಒಳಗೆ ಓಡಿದಳು.

ಲಿಫ್ಟಿನ ಬಾಗಿಲು ತೆರೆದಿತ್ತು. ಲಿಫ್ಟ್ ಮೇಲೆಲ್ಲೋ ನಿಂತಿತ್ತು. ಇಲ್ಲಿ ಬರೀ ಕತ್ತಲೆಯ ಬಾಯಿ. ಅದರ ಮುಂದೆ ಹಳದಿ ತಡೆ. ಪಕ್ಕದ ಸ್ವಿಚ್ ಪೆಟ್ಟಿಗೆಗೆ ಕೆಂಪು ಬೀಗ, ಬೀಗಕ್ಕೆ ಅಮ್ಮನ ಫೋಟೋ ಇದ್ದ ಚೀಟಿ: 'ಒಳಗೆ ಮನುಷ್ಯರಿದ್ದಾರೆ.' ಗುಂಡಿಯಿಂದ ಕೊಳಕು ನೀರು ಎಳೆಯುವ ಪಂಪು ಗರ್ರೆನ್ನುತ್ತಿತ್ತು.

"ಅಮ್ಮಾ!"

ಪಂಪಿನ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ತಡೆ ದಾಟಬಾರದು, ಏನೇ ಆದರೂ ದಾಟಬಾರದು. ಬುಗುರಿ ಅದರಾಚೆಗೆ ಕತ್ತು ಚಾಚಿದಳು. ಕೆಳಗೆ ಟಾರ್ಚಿನ ಬೆಳಕು. ಆ ಬೆಳಕಿನಲ್ಲಿ ಬಾಗಿದ ಒಂದು ಹಳದಿ ಹೆಲ್ಮೆಟ್. ಅದು ಅಲ್ಲಾಡುತ್ತಿರಲಿಲ್ಲ.

"ಅಮ್ಮಾ! ಅಮ್ಮಾ!"

ಹೆಲ್ಮೆಟ್ ಹಾಗೇ ಇತ್ತು.

ಬುಗುರಿ ಬ್ಯಾಗಿನಿಂದ ಸ್ಟೀಲಿನ ನೀರಿನ ಬಾಟಲಿ ಎಳೆದುಕೊಂಡು ಬಾಗಿಲಿನ ಕಬ್ಬಿಣದ ಚೌಕಟ್ಟಿಗೆ ಬಡಿದಳು. ಠಣ್. ಠಣ್. ಠಣ್.

ಮತ್ತೆ ಮೂರು ಸಲ. ಮತ್ತೆ ಮೂರು ಸಲ.

ಪಂಪು ನಿಂತಿತು. ಹೆಲ್ಮೆಟ್ ಮೇಲೆದ್ದಿತು. ಅದರ ಕೆಳಗೆ ಅಮ್ಮನ ಮುಖ ಇತ್ತು.

"ಯಾರದು? ಬುಗುರಿ! ನೀನ್ಯಾಕೆ ಇಲ್ಲಿ?"

"ಅಮ್ಮಾ, ಮುಟ್ಟಬೇಡ! ಬೋಲ್ಟ್ ಮುಟ್ಟಬೇಡ! ವಿಡಿಯೋ ನಾನು ಅಳಿಸಿಬಿಟ್ಟೆ!" ಹೇಳಿದ ಮೇಲೆ ಬುಗುರಿ ಗೊಳೋ ಎಂದು ಅತ್ತಳು.

ಅಮ್ಮ ಏಣಿ ಹತ್ತಿ ಮೇಲೆ ಬಂದಳು. ಬುಗುರಿ ಮೊದಲು ಅವಳ ಕೈ ನೋಡಿದಳು. ಎರಡೂ ಇದ್ದವು, ಹತ್ತೂ ಬೆರಳು ಇದ್ದವು.

"ಮುಟ್ಟಿಲ್ಲ ಕಣೇ," ಎಂದಳು ಅಮ್ಮ. "ಕವರ್ ಬಿಚ್ಚಿ, ನೀರು ತೆಗೆದು, ಈಗ ವಿಡಿಯೋ ಹಾಕೋಣ ಅಂತ ನೋಡಿದ್ರೆ ಒಂದು ಬೆಕ್ಕು ಟೋಪಿ ಹಾಕ್ಕೊಂಡು ಕುಣೀತಾ ಇತ್ತು. ನಂಗೆ ತಲೆಬುಡ ಅರ್ಥ ಆಗ್ಲಿಲ್ಲ."

"ಮತ್ತೆ ಯಾಕೆ ಅಲ್ಲಾಡದೆ ಕೂತಿದ್ದೆ?"

"ನೆನಪು ಮಾಡ್ಕೋತಿದ್ದೆ. ಎಡಗಡೇದು ಮೊದಲು ಅಂತ ಅನ್ನಿಸ್ತು. ಸ್ಪ್ಯಾನರ್ ಕೂಡ ಹಾಕ್ದೆ. ಆಮೇಲೆ ಭಯ ಆಯ್ತು, ತೆಗೆದುಬಿಟ್ಟೆ."

"ನಿಂಗೂ ಭಯ ಆಗುತ್ತಾ?"

"ಆಗ್ದೆ ಏನೇ? ಇದು ನನ್ನ ಕೈ. ಅಂಗಡೀಲಿ ಬೇರೆ ಸಿಗುತ್ತಾ?"

ಬುಗುರಿಗೆ ನಗುವೂ ಬಂತು, ಅಳುವೂ ಬಂತು. ಅಮ್ಮ ಮಾತ್ರ ನಗಲಿಲ್ಲ. ಅವಳು ಬುಗುರಿಯ ಯೂನಿಫಾರ್ಮನ್ನೂ, ಬ್ಯಾಗನ್ನೂ, ಬೆವರಿದ ಮುಖವನ್ನೂ ನೋಡಿದಳು. ಏನೋ ಲೆಕ್ಕ ಹಾಕಿದಂತೆ ಇತ್ತು.

"ಸ್ಕೂಲಿಂದ ಓಡಿ ಬಂದ್ಯಾ? ಹಾಗಾದ್ರೆ... ಬೆಳಗ್ಗೆ ನಾನು ಹೊರಡೋವಾಗ್ಲೇ ನಿಂಗೆ ಗೊತ್ತಿತ್ತಾ?"

ಬುಗುರಿ ತಲೆ ತಗ್ಗಿಸಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು, ಕೈಗವಸು ಕಳಚಿ, "ಎರಡು ತಟ್ಟಿದೆಯಲ್ಲೇ," ಎಂದಳು. ಅಷ್ಟೆ.

ಆಮೇಲೆ ಅಮ್ಮನೇ ಎದ್ದು, "ಬಾ, ರೋಡಿಗೆ ಹೋಗೋಣ. ಅಲ್ಲಿ ಸಿಗ್ನಲ್ ಸಿಗುತ್ತೆ," ಎಂದಳು. ಕೆಂಪು ಬೀಗ ಹಾಗೇ ಇತ್ತು, ಅದರ ಕೀಲಿ ಅಮ್ಮನ ಜೇಬಿನಲ್ಲಿತ್ತು.

ರಸ್ತೆಗೆ ಬಂದು ನಿಂತಾಗ ಮೊಬೈಲು ಮತ್ತೆ ಅದೇ ಹಟ ಹಿಡಿಯಿತು. ಜಾಗ ಸಾಲದು.

"ಕೊಡಮ್ಮ," ಎಂದು ಬುಗುರಿ ಕೈ ಚಾಚಿದಳು. ಬೆಕ್ಕಿನ ಮೊದಲನೇ ಎಪಿಸೋಡ್ ಅಳಿಸಿದಳು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಬೆರಳು ಒಂದು ಗಳಿಗೆ ತಡೆಯಿತು, ಅದೂ ಹೋಯಿತು. ಕಳ್ಳ ಯಾರಾದರೂ ಆಗಿರಲಿ. ಹತ್ತು, ಮೂವತ್ತು, ಅರವತ್ತು ಎಂದು ಅಮ್ಮನ ವಿಡಿಯೋಗಳ ಎಣಿಕೆ ಏರುವುದನ್ನು ತಾಯಿ ಮಗಳು ತಲೆಗೆ ತಲೆ ತಾಗಿಸಿ ನೋಡುತ್ತ ನಿಂತರು. ಐದೂ ಬಂದ ಮೇಲೆ ಅಮ್ಮ ಒಂದೊಂದನ್ನೂ ತೆರೆದು ನೋಡಿಕೊಂಡಳು.

ಮೊದಲು ಬಿಚ್ಚಬೇಕಾದದ್ದು ಬಲಗಡೆಯ ಬೋಲ್ಟು.

ಬುಗುರಿ ಅಮ್ಮನ ಎಡಗೈಯ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲೇ ಕೂತಿರು. ತಡೆ ದಾಟಬೇಡ," ಎಂದು ಹೇಳಿ ಅಮ್ಮ ಮತ್ತೆ ಗುಂಡಿಗೆ ಇಳಿದಳು. ಕೆಳಗಿನಿಂದ ವಿಡಿಯೋದ ದನಿ ಸಣ್ಣಗೆ ಕೇಳಿಬರುತ್ತಿತ್ತು. ಬುಗುರಿ ಮೆಟ್ಟಿಲ ಮೇಲೆ ಬಾಟಲಿ ಹಿಡಿದು ಕೂತಳು. ಭಯ ಹೋಗಿರಲಿಲ್ಲ. ಸ್ಪ್ಯಾನರಿನ ಕಿರ್ ಸದ್ದು ಬಂದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು.

ಅಷ್ಟರಲ್ಲಿ ಎರಡು ಕೈಯಲ್ಲೂ ಭಾರದ ಚೀಲ ಹಿಡಿದು ಐದನೇ ಮಹಡಿಯ ಆಂಟಿ ಬಂದರು. ಹಳದಿ ತಡೆ ನೋಡಿದ್ದೇ ಅವರ ಮುಖ ಕೆಂಪಾಯಿತು.

"ಇನ್ನೂ ಆಗಿಲ್ವಾ? ಹನ್ನೆರಡಕ್ಕೆ ಮುಗಿಯುತ್ತೆ ಅಂದಿದ್ರಲ್ಲ! ಈ ಮೆಕ್ಯಾನಿಕ್‌ಗೆ ಕೆಲಸ ಬರುತ್ತೋ ಇಲ್ವೋ?"

ಸುಮ್ಮನೆ ಕೂತರೆ ಆಂಟಿ ಗೊಣಗಿಕೊಂಡು ಮೆಟ್ಟಿಲು ಹತ್ತಿ ಹೋಗುತ್ತಾರೆ. ತಾನು ಯಾರೆಂದು ಅವರಿಗೆ ಗೊತ್ತೂ ಇಲ್ಲ.

ಬುಗುರಿ ಎದ್ದು ನಿಂತಳು.

"ನಮ್ಮಮ್ಮನಿಗೆ ಕೆಲಸ ಬರುತ್ತೆ ಆಂಟಿ. ಲೇಟ್ ಆಗಿದ್ದು ನನ್ನಿಂದ. ಅಮ್ಮನ ಕೆಲಸದ ವಿಡಿಯೋ ನಾನು ಅಳಿಸಿಬಿಟ್ಟಿದ್ದೆ. ನೋಡ್ದೆ ಮಾಡಿದ್ರೆ ಕೈಗೆ ಏಟಾಗುತ್ತೆ ಅಂತ ಅಮ್ಮ ನಿಲ್ಲಿಸಿದ್ರು."

ಆಂಟಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಒಳ್ಳೆ ಹುಡುಗಿ ಕಣಮ್ಮ ನೀನು," ಎಂದರು. ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಚೀಲಗಳನ್ನು ಕೆಳಗಿಟ್ಟು, ಅವರೂ ಅದೇ ಮೆಟ್ಟಿಲ ಮೇಲೆ ಕೂತರು.

ಗುಂಡಿಯೊಳಗೆ ಏನೋ ದಪ್ಪನೆಯ ಸದ್ದಾಯಿತು. ಬುಗುರಿ ತಡೆಯ ಹತ್ತಿರ ಓಡಿದಳು.

ಆಮೇಲೆ ಕಬ್ಬಿಣದ ಮೇಲೆ ಸ್ಪ್ಯಾನರ್ ತಟ್ಟಿದ ಸದ್ದು ಬಂತು. ಠಕ್. ಠಕ್.

ಮೂರನೆಯದು ಬರುತ್ತದೋ ಎಂದು ಅವಳು ಕಿವಿಗೊಟ್ಟು ನಿಂತಳು. ಬರಲಿಲ್ಲ. ಬೆಳಗ್ಗೆ ಬಾಗಿಲಾಚೆ ಅಮ್ಮನೂ ಹೀಗೆಯೇ ಕಿವಿಗೊಟ್ಟಿದ್ದಳು, ಎರಡು ಕೇಳಿಸಿಕೊಂಡು, ನಂಬಿ, ಮೆಟ್ಟಿಲಿಳಿದು ಹೋಗಿದ್ದಳು.

ಬುಗುರಿ ಬಾಟಲಿ ಎತ್ತಿ ಚೌಕಟ್ಟಿಗೆ ತಟ್ಟಿದಳು. ಒಂದು. ಎರಡು.

ಈ ಸಲ ಅದು ನಿಜವಾಗಿತ್ತು.