ಸೊನ್ನೆ ತುಂಬಿದ ಡಿಸ್ಕ್

೨೦೦೬ರಲ್ಲಿ ಹಿರಿಯೂರಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಒಂದು ಮಧ್ಯಾಹ್ನ ಜವನಗೊಂಡನಹಳ್ಳಿಯ ವೀರಮ್ಮ ಮತ್ತು ಅವರ ಗಂಡ ಏಕಾಂತಪ್ಪ, ಜ್ವರದಲ್ಲಿ ತೀರಿಕೊಂಡ ಮಗಳ ಕಂಪ್ಯೂಟರನ್ನು ಆಟೋದಲ್ಲಿ ತಂದರು.

“ನಮ್ಮ ದಾಕ್ಷಾಯಿಣಿ ಹಾಡಿದ್ದು ಇದರಾಗೆ ಐತೆ. ಈಗೀಗ ಹಾಡಿನ ಮಧ್ಯ ‘ಅವ್ವಾ, ಬಾ’ ಅಂತಾಳೆ. ಮೊದಲು ಅದು ಇರ್ಲಿಲ್ಲ. ಪೂರಾ ಅಳಿಸಿಬಿಡ್ರಿ,” ಎಂದರು ವೀರಮ್ಮ.

ಬರೀ ಡಿಲೀಟ್ ಮಾಡಿದರೆ ಫೈಲಿನ ಹೆಸರಷ್ಟೇ ಹೋಗುತ್ತದೆ, ದನಿ ಡಿಸ್ಕಿನಲ್ಲೇ ಉಳಿಯುತ್ತದೆ. ಹಾಗಾಗಿ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಸಲು ಹಚ್ಚಿದೆ. ಮೂರು ತಾಸು ಹಿಡಿಯಿತು, ಗಂಡ ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಪರೀಕ್ಷಿಸಿದೆ, ಮೊದಲಿಂದ ಕೊನೆಯವರೆಗೂ ಸೊನ್ನೆಯೇ. ವೈರ್ ಬಿಚ್ಚಿ ಡಿಸ್ಕನ್ನು ಕೈಗೆ ತೆಗೆದುಕೊಂಡೆ. ಅಷ್ಟು ಹೊತ್ತು ಓಡಿದ್ದು ಬಿಸಿಯಾಗಿರಬೇಕಿತ್ತು, ಮಡಕೆಯ ನೀರಿನಂತೆ ತಣ್ಣಗಿತ್ತು. ಕರೆಂಟಿಲ್ಲದಿದ್ದರೂ ಅಂಗೈಯಲ್ಲಿ ಅದರೊಳಗಿನ ತಟ್ಟೆ ಇನ್ನೂ ತಿರುಗುತ್ತಲೇ ಇತ್ತು.

ವೀರಮ್ಮ ಥಟ್ಟನೆ ತಲೆಯೆತ್ತಿ, “ಬಂದೆ ಕಣವ್ವ,” ಎಂದರು. ನನಗೇನೂ ಕೇಳಿಸಿರಲಿಲ್ಲ. ಹೆದರಿಕೆಯಿಂದ ಡಿಸ್ಕನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿಬಿಟ್ಟೆ.

ವಾರದ ನಂತರ ಏಕಾಂತಪ್ಪ ಒಬ್ಬರೇ ಬಂದರು.

“ನಮ್ಮನೆಯಾಕೆಗೆ ಈಗ ಏನೂ ಕೇಳಿಸ್ತಿಲ್ರಿ. ನನಗೆ ಕೇಳಿಸ್ತೈತೆ. ಮಗಳು ‘ಬೆಳ್ಳಣ್ಣ, ಬಾ’ ಅಂತಾಳೆ. ನಮ್ಮ ಕಡೆ ಆ ಹೆಸರಿನೋರು ಯಾರೂ ಇಲ್ಲ. ನಿಮಗೇನಾರ ಗೊತ್ತೇನ್ರಿ?”

ಗೊತ್ತಿಲ್ಲ ಎಂದೆ. ಊರಿಗೆಲ್ಲ ನಾನು ಚೇತನ್‌ಕುಮಾರ್. ಬೆಳ್ಳಣ್ಣ ಎಂದು ಕರೆಯುತ್ತಿದ್ದವಳು ನನ್ನ ಅಜ್ಜಿ ಒಬ್ಬಳೇ. ಅವಳು ಸತ್ತು ಆಗಲೇ ಹದಿನೇಳು ವರ್ಷವಾಗಿತ್ತು.