ಅಜ್ಜನ ಟ್ಯಾಬಿನಲ್ಲಿ ಹಾಡು

ಒಳಗಿನ ರೂಮಿನಿಂದ ಟಿಂಗ್ ಟಿಟಿಂಗ್ ಎಂದು ಹಾಡು ಕೇಳಿಸಿತು.

“ಅಮ್ಮಾ, ಅಜ್ಜ ಗೇಮ್ ಆಡ್ತಿದ್ದಾರೆ!” ಹಾಲ್‌ನಲ್ಲಿ ಲೆಕ್ಕ ಮಾಡುತ್ತಿದ್ದ ಚಿನಕುರುಳಿ ನಕ್ಕಳು.

“ಆಡಲಿ ಬಿಡು, ಹೊತ್ತು ಹೋಗತ್ತೆ,” ಎಂದರು ಅಮ್ಮ, ಹೊಲಿಗೆ ಮಿಷನ್ ತುಳಿಯುತ್ತಲೇ. ಯಾರದೋ ಕೋಟ್‌ಗೆ ಸಂಜೆಯೊಳಗೆ ತೋಳು ಜೋಡಿಸಬೇಕಿತ್ತು.

ಹಾಡು ನಿಂತಿತು. ಮತ್ತೆ ಶುರುವಾಯಿತು. ಆಮೇಲೆ ಧಡ್ ಎಂದು ಏನೋ ಬಿದ್ದ ಸದ್ದು.

ಚಿನಕುರುಳಿ ಒಳಗೆ ಓಡಿದಳು. ಟ್ಯಾಬ್ ನೆಲದ ಮೇಲಿತ್ತು. ಅಜ್ಜನ ಮುಖವೆಲ್ಲ ಬೆವರು. ಮಂಡಿಯ ಮೇಲಿಟ್ಟಿದ್ದ ಬಿಸಿನೀರಿನ ಚೀಲದ ಮುಚ್ಚಳ ಸಡಿಲವಾಗಿ, ನೀರು ಕಾಲಿನ ಮೇಲೆ ಇಳಿಯುತ್ತಿತ್ತು. ಅದನ್ನು ತಳ್ಳಲು ಅಜ್ಜ ಎಡಗೈ ಚಾಚಿ ಒದ್ದಾಡುತ್ತಿದ್ದರು. ಕೈ ಎಟುಕುತ್ತಿರಲಿಲ್ಲ. ಬಲಗೈ ಅಂತೂ ಏಳುವುದೇ ಇಲ್ಲ.

“ಅಮ್ಮಾ! ಬೇಗ ಬಾ!”

ಅಮ್ಮ ಬಂದವರೇ ಚೀಲ ಎಳೆದು ಬಿಸಾಡಿದರು. ಮಗ್‌ನಲ್ಲಿ ತಣ್ಣೀರು ತಂದು ಒಂದೇ ಸಮನೆ ಸುರಿದರು. ಅಂಗೈ ಅಗಲದಷ್ಟು ಚರ್ಮ ಕೆಂಪಾಗಿತ್ತು.

“ಸದ್ಯ, ಗುಳ್ಳೆ ಎದ್ದಿಲ್ಲ,” ಎಂದರು.

“ಅಜ್ಜ, ಯಾಕೆ ಕರೀಲಿಲ್ಲ? ‘ನೋವು’ ಒತ್ತಬೇಕಿತ್ತಲ್ವಾ?”

ಅಜ್ಜ ನೆಲದ ಮೇಲಿದ್ದ ಟ್ಯಾಬ್ ಕಡೆ ನೋಡಿದರು.

ಒಂದು ಕಾಲಕ್ಕೆ ಅಜ್ಜ ಬಸ್ ಕಂಡಕ್ಟರ್. “ರೈಟ್, ರೈಟ್!” ಎಂದು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರಿಗೂ ಎಚ್ಚರವಾಗುತ್ತಿತ್ತಂತೆ. ಮೊಮ್ಮಗಳ ಬಾಯಿ ನೋಡಿ ಚಿನಕುರುಳಿ ಎಂದು ಹೆಸರಿಟ್ಟವರೂ ಅವರೇ. ಸ್ಟ್ರೋಕ್ ಆದ ಮೇಲೆ ಅವರ ಮಾತು ನಿಂತೇಹೋಯಿತು. ಆಗ ಆಸ್ಪತ್ರೆಯ ಡಾಕ್ಟರಮ್ಮ ಒಂದು ಆ್ಯಪ್ ತೋರಿಸಿದ್ದರು. ಚಿತ್ರ ಒತ್ತಿದರೆ ಟ್ಯಾಬ್ ಮಾತಾಡುತ್ತದೆ.

ಆ ಆ್ಯಪ್ ಎರಡು ಥರ ಇತ್ತು. ಒಂದು ಫ್ರೀ, ಇನ್ನೊಂದು ದುಡ್ಡಿನದು. ಅಪ್ಪ ದುಡ್ಡಿನದನ್ನು ಒತ್ತಲು ಹೋದಾಗ ಚಿನಕುರುಳಿಯೇ ತಡೆದಿದ್ದಳು.

“ಅಯ್ಯೋ ಅಪ್ಪಾ, ಎರಡರಲ್ಲೂ ಅವೇ ಚಿತ್ರ! ಫ್ರೀ ಇರೋವಾಗ ದುಡ್ಡು ಯಾಕೆ ದಂಡ?”

“ನಮ್ಮ ಮನೆ ಮಂತ್ರಿ ಇವಳು!” ಎಂದು ಅಪ್ಪ ಬೆನ್ನು ತಟ್ಟಿದ್ದರು. ಯಾವ ಯಾವ ಚಿತ್ರ ಬೇಕೆಂದು ಆರಿಸಿ, ಪ್ರತಿಯೊಂದಕ್ಕೂ ಅವಳೇ ದನಿ ಕೊಟ್ಟಿದ್ದಳು.

ಈಗ ಅವಳು ಟ್ಯಾಬ್ ಎತ್ತಿಕೊಂಡಳು. ಪರದೆಯ ತುಂಬ ಬಣ್ಣಬಣ್ಣದ ಮಿಠಾಯಿಗಳು ಕುಣಿಯುತ್ತಿದ್ದವು. “ಬನ್ನಿ, ಆಡಿ! ಈಗಲೇ ಡೌನ್‌ಲೋಡ್ ಮಾಡಿ!” ಟಿಂಗ್ ಟಿಟಿಂಗ್.

ಮುಚ್ಚೋಣವೆಂದರೆ ಮೂಲೆಯಲ್ಲಿ ಬರೀ ಅಂಕಿಗಳು ಇಳಿಯುತ್ತಿದ್ದವು. ಕೊನೆಗೂ ಸಾಸಿವೆ ಕಾಳಿನಷ್ಟು ಒಂದು ಇಂಟು ಗುರುತು ಬಂತು. ಒತ್ತಿದಳು. ತಪ್ಪಿ, ಮಿಠಾಯಿ ಗೇಮಿನ ಪುಟವೇ ತೆರೆದುಕೊಂಡಿತು. ಹಿಂದಕ್ಕೆ ಬಂದು ಆ ಗುರುತನ್ನೇ ಮತ್ತೆ ಒತ್ತಿದಳು. ಮಿಠಾಯಿಗಳು ಮಾಯವಾದವು.

ಆಗ ಅವಳದೇ ದನಿ ಖುಷಿಖುಷಿಯಾಗಿ ಹೇಳಿತು: “ನನಗೆ ನೋವಾಗ್ತಿದೆ. ಬೇಗ ಬನ್ನಿ!”

ಅಜ್ಜ ಕರೆದಿದ್ದರು. ಆಗಲೇ ಕರೆದಿದ್ದರು. ಅವಳು ಹಾಡು ಕೇಳಿ ನಕ್ಕಿದ್ದಳು.

“ಅಜ್ಜ… ದಿನಾ ಹೀಗೇನಾ?”

ಅಜ್ಜ ಹೌದೆಂದು ತಲೆಯಾಡಿಸಿದರು.

“ನೀರು ಕೇಳೋವಾಗ್ಲೂ?”

ಮತ್ತೆ ತಲೆಯಾಡಿಸಿದರು.

“ಬಾತ್‌ರೂಮಿಗೆ ಹೋಗ್ಬೇಕಾದಾಗ್ಲೂ?”

ಅಜ್ಜ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಿನಕುರುಳಿಯ ಗೇಮ್‌ಗಳಲ್ಲೂ ಹೀಗೆ ಜಾಹೀರಾತುಗಳು ಬರುತ್ತಿದ್ದವು. ಚಕ್ಕನೆ ಒತ್ತಿ ಮುಚ್ಚುತ್ತಿದ್ದಳು. ಅದೊಂದು ಕಷ್ಟ ಎಂದು ಯಾವತ್ತೂ ಅನಿಸಿರಲಿಲ್ಲ.

ಅಪ್ಪ ಬಂದಾಗ ಅವಳು ಅಳುತ್ತಲೇ ಎಲ್ಲ ಹೇಳಿದಳು. ಅಪ್ಪ ಬ್ಯಾಗನ್ನೂ ಕೆಳಗಿಡಲಿಲ್ಲ. ನಿಂತಲ್ಲೇ ಟ್ಯಾಬ್ ಈಸಿಕೊಂಡು ದುಡ್ಡಿನ ಆ್ಯಪ್ ತಗೊಂಡರು.

“ಫ್ರೀ ಅಂತ ಬರೆದಿತ್ತಲ್ಲಪ್ಪಾ?”

“ಆ್ಯಪ್ ಮಾಡಿದವರಿಗೂ ಹೊಟ್ಟೆ ಇರತ್ತಲ್ಲ ಮರಿ. ನಾವು ದುಡ್ಡು ಕೊಡಲಿಲ್ಲ, ಆ ಮಿಠಾಯಿ ಗೇಮಿನವರು ಕೊಟ್ರು. ಅದಕ್ಕೇ ಅವರ ಹಾಡು.”

“ಹಾಗಾದ್ರೆ ನಮಗೆ ಫ್ರೀನೇ ಅಲ್ವಾ?”

“ನಮಗೆ ಫ್ರೀ,” ಎಂದ ಅಪ್ಪ ಅಜ್ಜನ ರೂಮಿನ ಕಡೆ ನೋಡಿದರು.

ಅಜ್ಜನ ಪಕ್ಕ ಕೂತು ಚಿನಕುರುಳಿ ಮೆಲ್ಲಗೆ ಕೇಳಿದಳು, “ಇಷ್ಟು ದಿನ ನಂಗ್ಯಾಕೆ ಹೇಳಲಿಲ್ಲ, ಅಜ್ಜ?”

ಅಜ್ಜ ಚಿತ್ರಗಳ ಮೇಲೆ ಬೆರಳು ಓಡಿಸಿದರು. ನೀರು. ಊಟ. ಫ್ಯಾನ್. ಬಾತ್‌ರೂಮ್. ನೋವು. ನಿದ್ದೆ. ಕೊನೆಯವರೆಗೆ ಹೋಗಿ, ಬೆರಳು ಎತ್ತಿ, ಅವಳನ್ನು ನೋಡಿದರು.

ಹೇಳಲು ಚಿತ್ರ ಇರಲಿಲ್ಲ. ಅಜ್ಜನಿಗೆ ಏನೇನು ಮಾತು ಬೇಕು ಎಂದು ಅವಳೇ ಆರಿಸಿದ್ದಳು. ಅಜ್ಜನನ್ನು ಕೇಳಿರಲಿಲ್ಲ.

ಚಿನಕುರುಳಿ ಹೊಸದೊಂದು ಚೌಕ ತೆರೆದು, ಗಂಟುಮುಖದ ಚಿತ್ರ ಬರೆದಳು. ಮೈಕ್ ಹತ್ತಿರ ಬಾಯಿಟ್ಟು, ನಗದೆ ಹೇಳಿದಳು: “ಇದು ಸರಿಯಿಲ್ಲ.”

ಅಜ್ಜ ತಕ್ಷಣ ಒತ್ತಿದರು.

“ಇದು ಸರಿಯಿಲ್ಲ.” ಹಾಡಿಲ್ಲ, ಮಿಠಾಯಿಯಿಲ್ಲ. ಒತ್ತಿದ ಕೂಡಲೇ ಮಾತು ಬಂತು. ಅಜ್ಜನ ತುಟಿಯ ಒಂದು ಬದಿ ಮೇಲೆದ್ದಿತು. ಮತ್ತೆ ಒತ್ತಿದರು. “ಇದು ಸರಿಯಿಲ್ಲ.”

“ಏನಜ್ಜ ಸರಿಯಿಲ್ಲ? ದಿಂಬಾ? ಫ್ಯಾನಾ? ಬೆಡ್‌ಶೀಟಾ? ಅಥವಾ…”

ಅಜ್ಜನ ಎಡಗೈ ಆಗಷ್ಟೇ, ನಿಧಾನವಾಗಿ, ಏನನ್ನೋ ತೋರಿಸಲು ಮೇಲೇಳುತ್ತಿತ್ತು.

ಚಿನಕುರುಳಿ ಬಾಯಿ ಮುಚ್ಚಿಕೊಂಡು ಕಾದಳು.